ಡಾಕ್‌ಗೆ ಹಾಕಿದ ಮಾನಿಟರ್ ಬರ್ತಿಲ್ವಾ? ಹೊಸ ಡಾಕ್ ತಗೊಳ್ಳೋ ಮೊದಲು ಇಷ್ಟು ನೋಡಿ

ಲ್ಯಾಪ್‌ಟಾಪ್ ಚಾರ್ಜ್ ಆಗುತ್ತಿದೆ. ಕೀಬೋರ್ಡ್, ಮೌಸ್ ನಡೆಯುತ್ತಿವೆ. ಡಾಕ್, ಅಂದರೆ ಒಂದೇ ಕೇಬಲ್‌ನಿಂದ ಲ್ಯಾಪ್‌ಟಾಪ್‌ಗೆ ಮಾನಿಟರ್, ಕೀಬೋರ್ಡ್, ಮೌಸ್, ಚಾರ್ಜಿಂಗ್ ಎಲ್ಲ ಕೂಡಿಸುವ ಪೆಟ್ಟಿಗೆ, ಅದರ ಮೇಲಿನ ಲೈಟೂ ಉರಿಯುತ್ತಿದೆ. ಮಾನಿಟರ್ ಮಾತ್ರ ‘ನೋ ಸಿಗ್ನಲ್’ ಅಂತ ಒಮ್ಮೆ ತೋರಿಸಿ ಕಪ್ಪಾಗಿಬಿಡುತ್ತದೆ. ಬಳ್ಳಾರಿ, ರಾಯಚೂರು, ಕೊಪ್ಪಳದ ಕಡೆ ಈ ದೂರು ಈಗ ತುಂಬಾ ಕೇಳಿಬರುತ್ತದೆ. ಬೆಂಗಳೂರು, ಹೈದರಾಬಾದ್ ಕಂಪನಿಗಳ ಕೆಲಸವನ್ನು ಊರಲ್ಲೇ ಕೂತು ಮಾಡುವವರು, ಒಂದು ಪರದೆಯಲ್ಲಿ ಟ್ಯಾಲಿ ಇನ್ನೊಂದರಲ್ಲಿ ಜಿಎಸ್‌ಟಿ ಪೋರ್ಟಲ್ ತೆರೆದುಕೊಂಡು ಕೂರುವ ಲೆಕ್ಕದವರು, ಗಂಗಾವತಿ, ಕಾರಟಗಿ, ಸಿಂಧನೂರಿನ ರೈಸ್ ಮಿಲ್ ಆಫೀಸಿನವರು, ಎಲ್ಲರೂ ಮೊದಲು ಹೇಳುವುದು ಒಂದೇ ಮಾತು: ‘ಡಾಕ್ ಹೋಯ್ತು’.

ನಾನು ನೋಡಿದ ಮಟ್ಟಿಗೆ ಡಾಕ್ ನಿಜವಾಗಿ ಕೆಟ್ಟಿರುವುದು ಕಡಿಮೆ. ಕೇಬಲ್, ಪೋರ್ಟ್, ಡ್ರೈವರ್ (ಆ ಸಾಧನವನ್ನು ನಡೆಸುವ ಸಾಫ್ಟ್‌ವೇರ್), ಕರೆಂಟ್, ಇವೇ ಜಾಸ್ತಿ. ಡಾಕ್‌ಗೆ ಸಾವಿರಗಟ್ಟಲೆ ದುಡ್ಡು ಬೇಕು. ನಮ್ಮ ಊರಿನ ಅಂಗಡಿಗಳಲ್ಲಿ ಒಳ್ಳೆಯದು ಸಿಗುವುದೂ ಕಷ್ಟ, ತರಿಸಿಕೊಳ್ಳಬೇಕು. ಅಷ್ಟು ಕಾದು ತರಿಸಿದ ಹೊಸ ಡಾಕ್‌ನಲ್ಲೂ ಅದೇ ಕಪ್ಪು ಪರದೆ ಬಂದರೆ ಹೊಟ್ಟೆ ಉರಿಯುತ್ತದೆ, ಅಲ್ವಾ? ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಚಿತ್ರ ಬರುವ ದಾರಿ ತಲೆಯಲ್ಲಿ ಇಟ್ಟುಕೊಳ್ಳಿ. ಲ್ಯಾಪ್‌ಟಾಪಿನ ಗ್ರಾಫಿಕ್ಸ್ ಚಿಪ್‌ನಿಂದ ಹೊರಟು ಯುಎಸ್‌ಬಿ-ಸಿ ಪೋರ್ಟ್, ಅಲ್ಲಿಂದ ಕೇಬಲ್, ಡಾಕ್, ಡಾಕ್‌ನಿಂದ ಎಚ್‌ಡಿಎಂಐ ಅಥವಾ ಡಿಸ್‌ಪ್ಲೇಪೋರ್ಟ್ ಕೇಬಲ್, ಕೊನೆಗೆ ಮಾನಿಟರ್. ಇದರಲ್ಲಿ ಎಲ್ಲೋ ಒಂದು ಕಡೆ ಕಡಿದಿದೆ. ಹುಡುಕುವಾಗ ಒಂದೇ ನಿಯಮ: ಒಂದು ಸಲಕ್ಕೆ ಒಂದೇ ವಸ್ತು ಬದಲಿಸಿ, ನೋಡಿ, ಆಮೇಲೆ ಮುಂದಿನದು. ಕೇಬಲ್, ಮಾನಿಟರ್, ಸೆಟ್ಟಿಂಗ್ ಎಲ್ಲವನ್ನೂ ಒಟ್ಟಿಗೆ ಬದಲಿಸಿದರೆ ಚಿತ್ರ ಬರಬಹುದು, ಆದರೆ ಯಾವುದರಿಂದ ಬಂತು ಅಂತ ಗೊತ್ತಾಗುವುದಿಲ್ಲ, ಮುಂದಿನ ವಾರ ಮತ್ತೆ ಅಲ್ಲಿಗೇ ಬಂದು ನಿಲ್ಲುತ್ತೀರಿ.

ಮೊದಲು ಕರೆಂಟ್

ಗಂಗಾವತಿಯ ಮಿಲ್ ಆಫೀಸಿನ ಹುಡುಗ ಫೋನ್ ಮಾಡಿ ಹೇಳಿದ್ದು ಹೀಗೆ: ‘ಅಣ್ಣಾ, ನಿನ್ನೆ ಮಟ ಚಲೋ ಇತ್ತು. ಕರೆಂಟ್ ಹೋಗಿ ಬಂದ ಮ್ಯಾಲೆ ಎರಡೂ ಮಾನಿಟರ್ ಹತ್ತವಲ್ವು ನೋಡ್ರಿ.’ ನಮ್ಮ ಕಡೆ ಇದು ಬಹಳ ಸಾಮಾನ್ಯ. ಡಾಕ್ ಅಂದರೆ ಬರೀ ಪ್ಲಗ್‌ಗಳ ಪೆಟ್ಟಿಗೆ ಅಂದುಕೊಳ್ಳುತ್ತೇವೆ, ಆದರೆ ಅದರೊಳಗೆ ಚಿತ್ರ ಹಂಚುವ ಚಿಪ್ ಬೇರೆ, ಯುಎಸ್‌ಬಿ ಹಬ್ ಬೇರೆ, ಚಾರ್ಜಿಂಗ್ ನೋಡಿಕೊಳ್ಳುವ ಚಿಪ್ ಬೇರೆ, ಇವಕ್ಕೆಲ್ಲ ಅವುಗಳದ್ದೇ ಫರ್ಮ್‌ವೇರ್, ಅಂದರೆ ಚಿಪ್ ಒಳಗೇ ಕೂತಿರುವ ಸಾಫ್ಟ್‌ವೇರ್, ಇರುತ್ತದೆ. ಕರೆಂಟ್ ಸರಕ್ಕನೆ ಹೋಗಿ ಬಂದಾಗ, ಅಥವಾ ವೋಲ್ಟೇಜ್ ಇಳಿದು ಏರಿದಾಗ, ಇವುಗಳಲ್ಲಿ ಒಂದು ಹ್ಯಾಂಗ್ ಆಗಿ ಉಳಿದವು ನಡೆಯುತ್ತಲೇ ಇರಬಹುದು. ಅದಕ್ಕೇ ಮೌಸ್ ಓಡುತ್ತದೆ, ಚಿತ್ರ ಬರುವುದಿಲ್ಲ.

ಹೀಗೆ ಮಾಡಿ. ಲ್ಯಾಪ್‌ಟಾಪ್ ಶಟ್‌ಡೌನ್ ಮಾಡಿ, ಡಾಕ್ ಕೇಬಲ್ ಕೀಳಿ. ಡಾಕ್‌ನ ಅಡಾಪ್ಟರನ್ನು ಗೋಡೆಯ ಪಾಯಿಂಟ್‌ನಿಂದ ಕೀಳಿ. ಮಾನಿಟರ್‌ಗಳ ಪವರ್ ವೈರ್ ಕೂಡ ಕೀಳಿ, ಬಟನ್ ಒತ್ತಿ ಆಫ್ ಮಾಡಿದರೆ ಸಾಲದು. ಆಫ್ ಆದ ಮಾನಿಟರ್ ಒಳಗೂ ಸ್ವಲ್ಪ ಕರೆಂಟ್ ಓಡಾಡುತ್ತಲೇ ಇರುತ್ತದೆ, ಡಿಸ್‌ಪ್ಲೇಪೋರ್ಟ್ ಇರುವ ಮಾನಿಟರ್‌ಗಳು ಇದೇ ಕಾರಣಕ್ಕೆ ಹಳೆಯ ಸ್ಥಿತಿಯಲ್ಲೇ ಸಿಕ್ಕಿಕೊಂಡಿರಬಹುದು. ಒಂದೆರಡು ನಿಮಿಷ ಸುಮ್ನೆ ಬಿಡಿ. ಆಮೇಲೆ ಮಾನಿಟರ್, ನಂತರ ಡಾಕ್, ಡಾಕ್‌ನ ಲೈಟ್ ಸ್ಥಿರವಾಗಿ ನಿಂತ ಮೇಲೆ ಲ್ಯಾಪ್‌ಟಾಪ್, ಈ ಕ್ರಮದಲ್ಲಿ ಹಚ್ಚಿ. ಎಷ್ಟೋ ಕೇಸು ಇಲ್ಲಿಗೇ ಮುಗಿಯುತ್ತವೆ. ಮಿಲ್ ಹುಡುಗನದ್ದು ಅರ್ಧ ಮಾತ್ರ ಮುಗಿಯಿತು, ಒಂದು ಪರದೆ ಬಂತು, ಇನ್ನೊಂದು ಬರಲಿಲ್ಲ. ಅದಕ್ಕೆ ಕೆಳಗೆ ಬರುತ್ತೇನೆ.

ಅಡಾಪ್ಟರ್ ಬಗ್ಗೆಯೂ ಒಂದು ಮಾತು. ಡಾಕ್ ಜೊತೆ ಬಂದ ಅಡಾಪ್ಟರನ್ನೇ ಬಳಸಿ. ಪಿನ್ ಕೂಡುತ್ತದೆ ಅಂತ ಯಾವುದೋ ಹಳೆಯ ಲ್ಯಾಪ್‌ಟಾಪಿನ ಚಾರ್ಜರ್ ಹಚ್ಚಬೇಡಿ. ಅಡಾಪ್ಟರ್ ಇಲ್ಲದ, ಲ್ಯಾಪ್‌ಟಾಪ್‌ನಿಂದಲೇ ಪವರ್ ಎಳೆಯುವ ಚಿಕ್ಕ ಹಬ್ ಆದರೆ, ಅದಕ್ಕೆ ಹಾರ್ಡ್ ಡಿಸ್ಕ್, ವೆಬ್‌ಕ್ಯಾಮ್, ಫೋನ್ ಎಲ್ಲ ಸಿಕ್ಕಿಸಿದಾಗ ಮಾನಿಟರ್ ಹೋಗಿ ಬಂದು ಮಾಡುತ್ತದೆ. ಎಲ್ಲ ಕಿತ್ತು ಮಾನಿಟರ್ ಒಂದನ್ನೇ ಇಟ್ಟು ನೋಡಿ. ಇನ್ನು ಲ್ಯಾಪ್‌ಟಾಪ್ ಮುಟ್ಟಿದರೆ ಕೈಗೆ ಜುಂ ಅನ್ನುವ ಜಾಗದಲ್ಲಿ ಅರ್ಥಿಂಗ್ ಸರಿ ಇಲ್ಲ ಅಂತಲೇ ತಿಳಿಯಿರಿ. ಅಲ್ಲಿ ಎಚ್‌ಡಿಎಂಐ ಕೇಬಲ್ ಹಾಕುವುದು, ತೆಗೆಯುವುದು ಎಲ್ಲ ಸ್ವಿಚ್ ಆಫ್ ಮಾಡಿಯೇ ಮಾಡಿ, ಪೋರ್ಟ್ ಸುಟ್ಟರೆ ರಿಪೇರಿ ದುಬಾರಿ. ಆಮೇಲೆ ಎಲೆಕ್ಟ್ರಿಷಿಯನ್ನನ್ನು ಕರೆಸಿ.

ಡಾಕ್ ಬಿಟ್ಟು ನೇರ ಹಾಕಿ

ಲ್ಯಾಪ್‌ಟಾಪಿನಲ್ಲಿ ಎಚ್‌ಡಿಎಂಐ ಪೋರ್ಟ್ ಇದ್ದರೆ ಮಾನಿಟರನ್ನು ಅದಕ್ಕೇ ಹಾಕಿ, ಡಾಕ್‌ನಲ್ಲಿದ್ದ ಅದೇ ಕೇಬಲ್‌ನಿಂದ. ಚಿತ್ರ ಬಂತಾ? ಮಾನಿಟರ್, ಆ ಕೇಬಲ್ ಎರಡೂ ಸರಿ ಇವೆ, ತೊಂದರೆ ಡಾಕ್ ಕಡೆ ಅಥವಾ ಯುಎಸ್‌ಬಿ-ಸಿ ಕಡೆ. ಬರಲಿಲ್ವಾ? ಮಾನಿಟರಿನ ಬಟನ್ ಒತ್ತಿ ಇನ್‌ಪುಟ್ ಯಾವುದಕ್ಕೆ ಇಟ್ಟಿದೆ ನೋಡಿ. ಎಚ್‌ಡಿಎಂಐ 1ಕ್ಕೆ ವೈರ್ ಹಾಕಿ ಎಚ್‌ಡಿಎಂಐ 2 ಆರಿಸಿದ್ದರೆ ಯಾವ ಡಾಕ್ ತಂದರೂ ಚಿತ್ರ ಬರುವುದಿಲ್ಲ. ಕೆಲವು ಮಾನಿಟರ್‌ಗಳಲ್ಲಿ ‘ಆಟೋ’ ಅಂತ ಇದ್ದರೂ ತಾನಾಗಿ ಹುಡುಕುವುದಿಲ್ಲ, ಕೈಯಿಂದಲೇ ಆರಿಸಬೇಕು.

ಇಲ್ಲಿ ದಿಕ್ಕಿನ ವಿಷಯವೂ ಇದೆ, ಇದನ್ನು ಅಂಗಡಿಯವರೇ ಎಷ್ಟೋ ಸಲ ಹೇಳುವುದಿಲ್ಲ. ಒಂದು ತುದಿ ಡಿಸ್‌ಪ್ಲೇಪೋರ್ಟ್, ಇನ್ನೊಂದು ತುದಿ ಎಚ್‌ಡಿಎಂಐ ಇರುವ ಮಾಮೂಲಿ ಕೇಬಲ್ ಒಂದೇ ದಿಕ್ಕಿಗೆ ನಡೆಯುತ್ತದೆ: ಡಾಕ್ ಕಡೆ ಡಿಸ್‌ಪ್ಲೇಪೋರ್ಟ್, ಮಾನಿಟರ್ ಕಡೆ ಎಚ್‌ಡಿಎಂಐ. ತಿರುವಿ ಹಾಕಿದರೆ, ಅಂದರೆ ಡಾಕ್‌ನ ಎಚ್‌ಡಿಎಂಐಯಿಂದ ಮಾನಿಟರಿನ ಡಿಸ್‌ಪ್ಲೇಪೋರ್ಟ್‌ಗೆ ಎಳೆದರೆ, ಎರಡೂ ಕಡೆ ಸರಿಯಾಗಿ ಕೂತರೂ ಏನೂ ಬರುವುದಿಲ್ಲ. ಅದಕ್ಕೆ ಬೇರೆಯೇ ಕನ್ವರ್ಟರ್ ಬೇಕು. ಹಳೆಯ ವಿಜಿಎ ಮಾನಿಟರ್ ಇನ್ನೂ ಬಳಸುತ್ತಿದ್ದರೆ ಪ್ಲಗ್‌ನ ಪಿನ್‌ಗಳನ್ನು ನೋಡಿ. ಒಂದು ಬಾಗಿದ್ದರೂ ಮಾನಿಟರ್ ತನ್ನ ಗುರುತು ಹೇಳಲಾಗದೆ ವಿಂಡೋಸ್‌ಗೆ ಕಾಣದಿರಬಹುದು. ಮಧ್ಯದ ಸಾಲಿನಲ್ಲಿ 9ನೇ ಪಿನ್ ಇಲ್ಲದಿದ್ದರೆ ಗಾಬರಿ ಬೇಡ, ಹಲವು ಕೇಬಲ್‌ಗಳಲ್ಲಿ ಅದು ಇರುವುದೇ ಇಲ್ಲ.

ಯುಎಸ್‌ಬಿ-ಸಿ: ಆಕಾರ ಒಂದೇ, ಒಳಗಿನದು ಬೇರೆ

ಜನ ಜಾಸ್ತಿ ಎಡವುವುದು ಇಲ್ಲೇ. ಪೋರ್ಟಿನ ಆಕಾರ ನೋಡಿ ಎಲ್ಲವೂ ಎಲ್ಲ ಕೆಲಸ ಮಾಡುತ್ತವೆ ಅಂದುಕೊಳ್ಳುತ್ತೇವೆ. ಕಡಿಮೆ ಬೆಲೆಯ ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಯುಎಸ್‌ಬಿ-ಸಿ ಪೋರ್ಟ್ ಡೇಟಾಗೆ ಮಾತ್ರ, ಅದರಲ್ಲಿ ಚಿತ್ರ ಹೊರಗೆ ಬರುವ ವ್ಯವಸ್ಥೆಯೇ ಇಲ್ಲ. ಪೋರ್ಟ್ ಪಕ್ಕದ ಗುರುತು ನೋಡಿ. ಬಾಣದ ತುದಿಯ ಮಿಂಚಿನ ಗುರುತು ಇದ್ದರೆ ಥಂಡರ್‌ಬೋಲ್ಟ್, ಅಂದರೆ ಚಿತ್ರ, ಡೇಟಾ ಎರಡನ್ನೂ ವೇಗವಾಗಿ ಸಾಗಿಸುವ ಬಗೆ, ಚಿತ್ರ ಖಂಡಿತ ಬರುತ್ತದೆ. ಡಿ ಒಳಗೆ ಪಿ ಬರೆದಂಥ ಗುರುತು ಇದ್ದರೆ ಡಿಸ್‌ಪ್ಲೇಪೋರ್ಟ್ ಆಲ್ಟ್ ಮೋಡ್, ಅಂದರೆ ಯುಎಸ್‌ಬಿ-ಸಿ ಪೋರ್ಟಿನಿಂದಲೇ ಡಿಸ್‌ಪ್ಲೇಪೋರ್ಟ್ ಚಿತ್ರ ಕಳಿಸುವ ವ್ಯವಸ್ಥೆ, ಅಲ್ಲೂ ಬರುತ್ತದೆ. ಬರೀ ಯುಎಸ್‌ಬಿ ಗುರುತಿದ್ದರೆ ಅಥವಾ ಗುರುತೇ ಇಲ್ಲದಿದ್ದರೆ ನಿಮ್ಮ ಮಾಡೆಲ್ ನಂಬರ್ ಹಾಕಿ ಕಂಪನಿಯ ವಿವರಪಟ್ಟಿ ತೆರೆದು, ಆ ಪೋರ್ಟಿನ ಮುಂದೆ ‘ಡಿಸ್‌ಪ್ಲೇಪೋರ್ಟ್’ ಅನ್ನುವ ಪದ ಇದೆಯಾ ನೋಡಿ. ಎರಡು ಯುಎಸ್‌ಬಿ-ಸಿ ಪೋರ್ಟ್ ಇದ್ದು ಒಂದರಲ್ಲಿ ಮಾತ್ರ ಚಿತ್ರ ಬರುವ ಲ್ಯಾಪ್‌ಟಾಪ್‌ಗಳೂ ಇವೆ. ಮೊದಲು ಇನ್ನೊಂದು ಪೋರ್ಟಿಗೆ ಹಾಕಿ ನೋಡಿ, ಅದಕ್ಕೆ ಖರ್ಚೇನೂ ಇಲ್ಲ.

ಡಾಕ್‌ನಲ್ಲೂ ಜಾತಿ ಬೇರೆ ಬೇರೆ. ಒಂದು, ಆಲ್ಟ್ ಮೋಡ್ ಡಾಕ್: ಲ್ಯಾಪ್‌ಟಾಪಿನ ಗ್ರಾಫಿಕ್ಸ್ ಕೊಟ್ಟ ಚಿತ್ರವನ್ನೇ ಹಂಚುತ್ತದೆ, ಡ್ರೈವರ್ ಬೇಡ, ಆದರೆ ಲ್ಯಾಪ್‌ಟಾಪ್ ಪೋರ್ಟಿಗೆ ಆ ಶಕ್ತಿ ಇರಲೇಬೇಕು. ಇನ್ನೊಂದು, ಥಂಡರ್‌ಬೋಲ್ಟ್ ಡಾಕ್. ಹಳೆಯ ಥಂಡರ್‌ಬೋಲ್ಟ್ 3 ಡಾಕ್‌ಗಳಲ್ಲಿ ಹಲವು, ಸಾದಾ ಯುಎಸ್‌ಬಿ-ಸಿ ಪೋರ್ಟಿಗೆ ಹಾಕಿದರೆ ಕೆಲಸವೇ ಮಾಡುವುದಿಲ್ಲ. ಕಂಪನಿ ಕೊಟ್ಟ ಡಾಕ್‌ಗೆ ಮನೆಯ ಸ್ವಂತ ಲ್ಯಾಪ್‌ಟಾಪ್ ಹಚ್ಚಿ ‘ಇದಕ್ಕೂ ಬರ್ತಿಲ್ಲ, ಹಾಗಾದ್ರೆ ಡಾಕ್ ಹೋಗಿದೆ’ ಅನ್ನುವ ತೀರ್ಮಾನಕ್ಕೆ ಬರುವವರು ಇದನ್ನು ನೆನಪಿಡಿ. ಮೂರನೆಯದು ಡಿಸ್‌ಪ್ಲೇಲಿಂಕ್ ಡಾಕ್. ಇದು ಚಿತ್ರವನ್ನು ಒತ್ತಿ ಚಿಕ್ಕದು ಮಾಡಿ ಯುಎಸ್‌ಬಿ ಡೇಟಾ ರೂಪದಲ್ಲೇ ಕಳಿಸುತ್ತದೆ, ಹಾಗಾಗಿ ಹಳೆಯ ಚಪ್ಪಟೆ ಯುಎಸ್‌ಬಿ ಪೋರ್ಟಿನಿಂದಲೂ ನಡೆಯುತ್ತದೆ. ಆದರೆ ಡ್ರೈವರ್ ಇಲ್ಲದೆ ಒಂದು ಗೆರೆಯೂ ಮೂಡುವುದಿಲ್ಲ. ಡಾಕ್‌ನ ತಳ ತಿರುವಿ ನೋಡಿ, ಪೆಟ್ಟಿಗೆ ನೋಡಿ, ‘ಡಿಸ್‌ಪ್ಲೇಲಿಂಕ್’ ಅಂತ ಇದ್ದರೆ ಮೊದಲು ಡ್ರೈವರ್ ಹಾಕಿ. ಈಗ ಅದು ಸಿನಾಪ್ಟಿಕ್ಸ್ ಕಂಪನಿಯದ್ದು, ಡ್ರೈವರ್ ಅವರ ಸೈಟಿನಲ್ಲೇ ಪುಕ್ಕಟೆ ಸಿಗುತ್ತದೆ.

ಈಗ ಕೇಬಲ್. ಫೋನ್ ಚಾರ್ಜರ್ ಜೊತೆ ಬಂದ ಸಿ-ಟು-ಸಿ ಕೇಬಲ್ ತಂದು ಡಾಕ್‌ಗೆ ಹಾಕುತ್ತಾರೆ. ಅದು ಕೂರುತ್ತದೆ, ಚಾರ್ಜ್ ಮಾಡುತ್ತದೆ, ಮೌಸೂ ನಡೆಯುತ್ತದೆ. ಚಿತ್ರ ಬರುವುದಿಲ್ಲ. ಯಾಕೆ ಅಂದರೆ ಯುಎಸ್‌ಬಿ-ಸಿ ಪೋರ್ಟ್ ಒಳಗೆ 24 ಪಿನ್‌ಗಳಿವೆ, ಅವುಗಳಲ್ಲಿ ನಾಲ್ಕು ಜೋಡಿ ವೇಗದ ಡೇಟಾಗೆ ಮೀಸಲು, ಚಿತ್ರ ಹೋಗುವುದು ಆ ಜೋಡಿಗಳಲ್ಲೇ. ಚಾರ್ಜಿಂಗ್ ಕೇಬಲ್‌ಗಳಲ್ಲಿ ಹೆಚ್ಚಿನವು ಒಳಗೆ ಆ ವೈರ್‌ಗಳನ್ನೇ ಎಳೆದಿರುವುದಿಲ್ಲ, ಪವರ್ ಮತ್ತು 480 ಮೆಗಾಬಿಟ್‌ನ ಯುಎಸ್‌ಬಿ 2.0 ವೈರ್ ಅಷ್ಟೇ. ಕೀಬೋರ್ಡ್, ಮೌಸ್‌ಗೆ ಅಷ್ಟು ಸಾಕು. ಹಾಗಾಗಿ ಮೌಸ್ ಓಡುತ್ತಿದೆ ಅನ್ನುವುದು ಕೇಬಲ್ ಸರಿ ಇದೆ ಅನ್ನುವುದಕ್ಕೆ ಸಾಕ್ಷಿಯಾಗಲ್ಲ. ಅನುಮಾನ ಬಂದರೆ ಡಾಕ್‌ಗೆ ಒಂದು ಯುಎಸ್‌ಬಿ 3 ಪೆನ್‌ಡ್ರೈವ್ ಹಾಕಿ ದೊಡ್ಡ ಫೈಲ್ ಕಾಪಿ ಮಾಡಿ. ಅದೇ ಪೆನ್‌ಡ್ರೈವ್ ಲ್ಯಾಪ್‌ಟಾಪ್‌ಗೆ ನೇರ ಹಾಕಿದಾಗ ಓಡಿ, ಡಾಕ್ ಮೂಲಕ ತೆವಳಿದರೆ ಕೇಬಲ್ ಮೇಲೆ ಕೈ ಇಡಿ. ಡಾಕ್ ಜೊತೆ ಬಂದ ಕೇಬಲ್‌ಗೆ ಒಂದು ಬಣ್ಣದ ಟೇಪ್ ಸುತ್ತಿಡಿ, ಮನೆಯಲ್ಲಿ ಇನ್ಯಾರೂ ಫೋನ್‌ಗೆ ಅಂತ ಎತ್ತಿಕೊಂಡು ಹೋಗದ ಹಾಗೆ.

ಒಂದು ಬರುತ್ತದೆ, ಇನ್ನೊಂದು ಬರಲ್ಲ

ಮೊದಲು ಎರಡು ಮಾನಿಟರ್‌ಗಳ ಕೇಬಲ್‌ಗಳನ್ನು ಡಾಕ್ ಕಡೆ ಅದಲು ಬದಲು ಮಾಡಿ. ಕಪ್ಪು ಪರದೆ ಅದೇ ಮಾನಿಟರಿನಲ್ಲಿ ಉಳಿದರೆ ಮಾನಿಟರ್ ಅಥವಾ ಅದರ ಕೇಬಲ್. ಕಪ್ಪು ಇನ್ನೊಂದಕ್ಕೆ ಹೋದರೆ ಡಾಕ್‌ನ ಆ ಪೋರ್ಟ್. ಒಮ್ಮೊಮ್ಮೆ ಯಾವುದನ್ನು ಎಲ್ಲಿ ಹಾಕಿದರೂ ಮೊದಲು ಹಾಕಿದ್ದು ಬರುತ್ತದೆ, ಎರಡನೆಯದು ಬರುವುದಿಲ್ಲ. ಆಗ ವಿಷಯ ಬೇರೆ: ದಾರಿ ಸಾಲುತ್ತಿಲ್ಲ.

ಇದನ್ನು ಸ್ವಲ್ಪ ಲೆಕ್ಕ ಹಾಕಿಯೇ ನೋಡಬೇಕು. 1920×1080, 60 ಹರ್ಟ್ಸ್‌ನ (ಸೆಕೆಂಡಿಗೆ 60 ಸಲ ಚಿತ್ರ ಬದಲಾಗುವ) ಒಂದು ಪರದೆಗೆ ಸೆಕೆಂಡಿಗೆ ಸುಮಾರು 3.5 ಗಿಗಾಬಿಟ್ ಬೇಕು. 4ಕೆ (3840×2160), 60 ಹರ್ಟ್ಸ್‌ಗೆ ಸುಮಾರು 12.5. ಯುಎಸ್‌ಬಿ-ಸಿ ಡಾಕ್‌ಗಳಲ್ಲಿ ಹಲವು ಆ ನಾಲ್ಕು ಜೋಡಿಗಳಲ್ಲಿ ಎರಡನ್ನು ಯುಎಸ್‌ಬಿ 3ಕ್ಕೆ ಇಟ್ಟುಕೊಂಡು ಎರಡನ್ನು ಮಾತ್ರ ಚಿತ್ರಕ್ಕೆ ಕೊಡುತ್ತವೆ. ಡಿಸ್‌ಪ್ಲೇಪೋರ್ಟ್ 1.2 ವೇಗದಲ್ಲಿ ಆ ಎರಡು ಜೋಡಿಯಲ್ಲಿ ಸಾಗುವುದು ಸುಮಾರು 8.6 ಗಿಗಾಬಿಟ್. ಅಂದರೆ ಸಾದಾ 1080ರ ಎರಡು ಪರದೆ ಆರಾಮಾಗಿ ಹೋಗುತ್ತವೆ. ಒಂದು 4ಕೆ ಪರದೆ 60ಕ್ಕೆ ಹೋಗುವುದಿಲ್ಲ, 30 ಹರ್ಟ್ಸ್‌ಗೆ ಇಳಿಯುತ್ತದೆ. 144 ಹರ್ಟ್ಸ್‌ನ ಗೇಮಿಂಗ್ ಮಾನಿಟರ್ 1080 ಇದ್ದರೂ ಹೆಚ್ಚು ಕಡಿಮೆ ಇಡೀ ದಾರಿಯನ್ನೇ ತಿಂದುಬಿಡುತ್ತದೆ, ಪಕ್ಕದ ಮಾನಿಟರಿಗೆ ಏನೂ ಉಳಿಯುವುದಿಲ್ಲ. ಪರೀಕ್ಷೆ ಸುಲಭ. ಬರುತ್ತಿರುವ ಮಾನಿಟರನ್ನು ಸೆಟ್ಟಿಂಗ್ಸ್‌ನಲ್ಲಿ 1920×1080, 60 ಹರ್ಟ್ಸ್‌ಗೆ ಇಳಿಸಿ, ಎರಡನೆಯದರ ಕೇಬಲ್ ಕಿತ್ತು ಮತ್ತೆ ಹಾಕಿ. ಅದು ಥಟ್ಟನೆ ಬಂದರೆ ಏನೂ ಕೆಟ್ಟಿಲ್ಲ, ಒಟ್ಟು ಭಾರವೇ ಜಾಸ್ತಿ ಆಗಿತ್ತು.

ಲ್ಯಾಪ್‌ಟಾಪಿನ ಮಿತಿಯೂ ಇರುತ್ತದೆ. ತನ್ನ ಪರದೆಯನ್ನೂ ಸೇರಿಸಿ ಒಟ್ಟು ಮೂರು ಪರದೆ ಮಾತ್ರ ನಡೆಸುವ ಲ್ಯಾಪ್‌ಟಾಪ್‌ಗಳು ಬಹಳ ಇವೆ. ಡಾಕ್‌ಗೆ ಮೂರು ಮಾನಿಟರ್ ಹಾಕಿದಾಗ ಒಂದು ಬರದಿದ್ದರೆ, ಲ್ಯಾಪ್‌ಟಾಪ್‌ನ ಸ್ವಂತ ಪರದೆಯನ್ನು ಡಿಸ್‌ಪ್ಲೇ ಸೆಟ್ಟಿಂಗ್ಸ್‌ನಲ್ಲಿ ಡಿಸ್‌ಕನೆಕ್ಟ್ ಮಾಡಿ ನೋಡಿ.

ವಿಂಡೋಸ್ ಒಳಗೆ

ವಿಂಡೋಸ್ ಕೀ ಜೊತೆ ಪಿ ಒತ್ತಿ, ‘ಎಕ್ಸ್‌ಟೆಂಡ್’ ಆರಿಸಿ. ‘ಪಿಸಿ ಸ್ಕ್ರೀನ್ ಓನ್ಲಿ’ ಇದ್ದರೆ ಮಾನಿಟರ್‌ಗೆ ಏನೂ ಹೋಗುವುದಿಲ್ಲ. ಬರದಿದ್ದರೆ ವಿಂಡೋಸ್, ಕಂಟ್ರೋಲ್, ಶಿಫ್ಟ್, ಬಿ ನಾಲ್ಕೂ ಒಟ್ಟಿಗೆ ಒತ್ತಿ. ಪರದೆ ಒಮ್ಮೆ ಕಪ್ಪಾಗಿ ಬರುತ್ತದೆ, ಗ್ರಾಫಿಕ್ಸ್ ಡ್ರೈವರ್ ರೀಸೆಟ್ ಆಯಿತು ಅಂತ ಅರ್ಥ. ತೆರೆದ ಫೈಲ್‌ಗಳಿಗೆ ಏನೂ ಆಗುವುದಿಲ್ಲ.

ಆಮೇಲೆ ಡಿವೈಸ್ ಮ್ಯಾನೇಜರ್ ತೆರೆದು ಡಿಸ್‌ಪ್ಲೇ ಅಡಾಪ್ಟರ್ಸ್ ಕೆಳಗೆ ನೋಡಿ. ಅಲ್ಲಿ ಇಂಟೆಲ್, ಎಎಂಡಿ, ಎನ್‌ವಿಡಿಯಾ ಹೆಸರಿನ ಬದಲು ‘ಮೈಕ್ರೋಸಾಫ್ಟ್ ಬೇಸಿಕ್ ಡಿಸ್‌ಪ್ಲೇ ಅಡಾಪ್ಟರ್’ ಅಂತ ಮಾತ್ರ ಇದ್ದರೆ ಸರಿಯಾದ ಡ್ರೈವರೇ ಇಲ್ಲ, ಎರಡನೇ ಪರದೆ ಕೇಳುವುದೇ ಬೇಡ. ಲ್ಯಾಪ್‌ಟಾಪ್ ಕಂಪನಿಯ ಸೈಟಿನಿಂದ ನಿಮ್ಮ ಮಾಡೆಲ್‌ದೇ ಡ್ರೈವರ್ ಹಾಕಿ. ಅಪ್‌ಡೇಟ್ ಆದ ದಿನದಿಂದಲೇ ತೊಂದರೆ ಶುರುವಾಗಿದ್ದರೆ, ಹಳೆಯ ಡ್ರೈವರ್‌ಗೆ ಮರಳಲು ಡಿವೈಸ್ ಮ್ಯಾನೇಜರ್‌ನಲ್ಲೇ ‘ರೋಲ್ ಬ್ಯಾಕ್ ಡ್ರೈವರ್’ ಇರುತ್ತದೆ.

ಶಟ್‌ಡೌನ್ ಮಾಡಿ ಆನ್ ಮಾಡಿದೆ ಅನ್ನುವವರಿಗೆ: ವಿಂಡೋಸ್‌ನಲ್ಲಿ ಫಾಸ್ಟ್ ಸ್ಟಾರ್ಟಪ್ ಆನ್ ಇದ್ದರೆ ಶಟ್‌ಡೌನ್ ಪೂರ್ತಿ ಶಟ್‌ಡೌನ್ ಆಗುವುದಿಲ್ಲ, ಒಳಗಿನ ಸ್ಥಿತಿಯನ್ನು ಉಳಿಸಿಟ್ಟು ಮತ್ತೆ ಅದನ್ನೇ ಎಬ್ಬಿಸುತ್ತದೆ. ‘ರೀಸ್ಟಾರ್ಟ್’ ಕೊಟ್ಟಾಗಲೇ ಎಲ್ಲ ಹೊಸದಾಗಿ ಶುರುವಾಗುವುದು. ಥಂಡರ್‌ಬೋಲ್ಟ್ ಡಾಕ್ ಆದರೆ ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಮೊದಲ ಸಲ ಅನುಮತಿ ಕೇಳುವ ಕಿಟಕಿ ಬರುತ್ತದೆ. ಅದನ್ನು ಮುಚ್ಚಿಬಿಟ್ಟಿದ್ದರೆ ಥಂಡರ್‌ಬೋಲ್ಟ್ ಕಂಟ್ರೋಲ್ ಸೆಂಟರ್‌ಗೆ ಹೋಗಿ ಡಾಕ್‌ಗೆ ಒಪ್ಪಿಗೆ ಕೊಡಿ.

ಫರ್ಮ್‌ವೇರ್ ಕೊನೆಗೆ. ಡೆಲ್, ಎಚ್‌ಪಿ, ಲೆನೊವೊ ಮೂರೂ ಕಂಪನಿಗಳು ತಮ್ಮ ಡಾಕ್‌ಗಳಿಗೆ ಫರ್ಮ್‌ವೇರ್ ಅಪ್‌ಡೇಟ್ ಕೊಡುತ್ತವೆ, ಮಾನಿಟರ್ ಕಾಣದಿರುವ ತೊಂದರೆಗಳು ಅದರಿಂದ ಸರಿ ಹೋಗುವುದೂ ಉಂಟು. ಆದರೆ ದಯವಿಟ್ಟು ಡಾಕ್‌ನ ಅಡಾಪ್ಟರನ್ನು ಯುಪಿಎಸ್‌ಗೆ ಹಾಕಿಕೊಂಡೇ ಈ ಕೆಲಸ ಮಾಡಿ. ಲ್ಯಾಪ್‌ಟಾಪ್‌ಗೆ ಬ್ಯಾಟರಿ ಇದೆ, ಡಾಕ್‌ಗೆ ಇಲ್ಲ. ಅರ್ಧದಲ್ಲಿ ಕರೆಂಟ್ ಹೋದರೆ ಚೆನ್ನಾಗಿದ್ದ ಡಾಕ್ ಆಗ ನಿಜವಾಗಿಯೂ ಹೋಗಬಹುದು. ಕಂಪನಿ ಲ್ಯಾಪ್‌ಟಾಪ್ ಆದರೆ ಅಡ್ಮಿನ್ ಪಾಸ್‌ವರ್ಡ್ ನಿಮ್ಮ ಹತ್ತಿರ ಇರುವುದಿಲ್ಲ. ಆಗ ಹೆಲ್ಪ್‌ಡೆಸ್ಕ್‌ಗೆ ‘ಮಾನಿಟರ್ ಬರ್ತಿಲ್ಲ’ ಅಂತಷ್ಟೇ ಬರೆಯಬೇಡಿ. ಲ್ಯಾಪ್‌ಟಾಪ್ ಮಾಡೆಲ್, ಡಾಕ್ ಮಾಡೆಲ್, ಯಾವ ಪೋರ್ಟ್, ನೇರ ಹಾಕಿದಾಗ ಬರುತ್ತದಾ, ಬೇರೆ ಕೇಬಲ್‌ನಲ್ಲಿ ಏನಾಯಿತು, ಇಷ್ಟು ಬರೆದರೆ ಅವರು ರಿಮೋಟ್‌ನಲ್ಲಿ ಬಂದು ಸೀದಾ ಡ್ರೈವರ್‌ಗೇ ಕೈ ಹಾಕುತ್ತಾರೆ.

ಮ್ಯಾಕ್ ಇದ್ದರೆ

ಎಂ1, ಎಂ2 ಚಿಪ್‌ನ ಮ್ಯಾಕ್‌ಬುಕ್ ಏರ್ ನೇರವಾಗಿ ಒಂದೇ ಹೊರಗಿನ ಮಾನಿಟರ್ ನಡೆಸುತ್ತದೆ, ಡಿಸ್‌ಪ್ಲೇಲಿಂಕ್ ಬಿಟ್ಟು ಯಾವ ಡಾಕ್ ತಂದರೂ ಅಷ್ಟೇ. ಎಂ3 ಏರ್ ಮುಚ್ಚಳ ಮುಚ್ಚಿದರೆ ಎರಡು ನಡೆಸುತ್ತದೆ, ಎಂ4 ಏರ್ ತೆರೆದಿದ್ದರೂ ಎರಡು. ಇನ್ನೊಂದು ತೊಡಕು, ಒಂದೇ ಕೇಬಲ್‌ನಿಂದ ಎರಡು ಪರದೆ ಬೇರೆ ಮಾಡುವ ಎಂಎಸ್‌ಟಿ ಅನ್ನುವ ವಿಧಾನವನ್ನು ವಿಂಡೋಸ್ ಬಳಸುತ್ತದೆ, ಮ್ಯಾಕ್ ಬಳಸುವುದಿಲ್ಲ. ಹಾಗಾಗಿ ವಿಂಡೋಸ್‌ನಲ್ಲಿ ಎರಡು ಬೇರೆ ಪರದೆ ಕೊಡುವ ಅದೇ ಡಾಕ್, ಮ್ಯಾಕ್‌ನಲ್ಲಿ ಎರಡರಲ್ಲೂ ಒಂದೇ ಚಿತ್ರ ತೋರಿಸುತ್ತದೆ. ಡಿಸ್‌ಪ್ಲೇಲಿಂಕ್ ಡಾಕ್ ತಂದರೆ ಎರಡು ಬರುತ್ತವೆ, ಆದರೆ ಡ್ರೈವರ್ ಹಾಕಿದ ಮೇಲೆ ಸ್ಕ್ರೀನ್ ರೆಕಾರ್ಡಿಂಗ್ ಅನುಮತಿ ಕೊಡಬೇಕು. ಅದು ಕೊಡದಿದ್ದರೆ ಕಪ್ಪೇ.

ಬಿಸಿಲು, ಧೂಳು

ಬೆಳಿಗ್ಗೆ ಸರಿ ಇದ್ದು ಮಧ್ಯಾಹ್ನ ಹೋಗುವ ಮಾನಿಟರ್ ಇದ್ದರೆ ಡಾಕ್ ಮುಟ್ಟಿ ನೋಡಿ. ಏಪ್ರಿಲ್, ಮೇನಲ್ಲಿ ರಾಯಚೂರು, ಬಳ್ಳಾರಿ 40 ಡಿಗ್ರಿ ದಾಟುತ್ತವೆ. ಡಾಕ್ ತಾನೇ ಬಿಸಿಯಾಗುವ ವಸ್ತು, ಅದನ್ನು ಲ್ಯಾಪ್‌ಟಾಪ್ ಕೆಳಗೋ ಇನ್ವರ್ಟರ್ ಮೇಲೋ ಇಟ್ಟರೆ ಒಳಗಿನ ಚಿಪ್ ತಡೆಯಲಾರದೆ ಚಿತ್ರ ಬಿಟ್ಟುಬಿಡುತ್ತದೆ. ಬಿಡಿಸಿ ಗಾಳಿಯಾಡುವ ಕಡೆ ನಿಲ್ಲಿಸಿ, ಅದರ ಮೇಲೆ ಫೈಲು ಪೇರಿಸಬೇಡಿ.

ಮಿಲ್ ಹುಡುಗನ ಎರಡನೇ ಪರದೆಗೆ ಬರುತ್ತೇನೆ. ಡಾಕ್‌ನ ಒಂದು ಮಾನಿಟರ್ ಪೋರ್ಟ್ ಯುಎಸ್‌ಬಿ-ಸಿ ಆಕಾರದ್ದು. ಪ್ಲಗ್ ಹಾಕಿದ್ದ, ಆದರೆ ಪಕ್ಕದಿಂದ ನೋಡಿದರೆ ಒಂದು ನೂಲೆಳೆಯಷ್ಟು ಹೊರಗೆ ನಿಂತಿತ್ತು, ಕಟ್ ಅಂತ ಕೂತಿರಲಿಲ್ಲ. ಟಾರ್ಚ್ ಹಾಕಿ ನೋಡಿದಾಗ ಪೋರ್ಟಿನ ತಳದಲ್ಲಿ ತೌಡಿನ ಧೂಳು ಮೆತ್ತಿ ಗಟ್ಟಿಯಾಗಿ ಬೂದು ಬಣ್ಣದ ಬಿಲ್ಲೆ ಆಗಿತ್ತು. ಪ್ರತಿ ಸಲ ಪ್ಲಗ್ ತುರುಕಿದಾಗ ಇನ್ನಷ್ಟು ಒಳಗೆ ತಳ್ಳಿದ ಹಾಗೆ ಆಗಿತ್ತು. ಎಲ್ಲ ಪವರ್ ಕಿತ್ತು, ಕಟ್ಟಿಗೆಯ ಹಲ್ಲುಕಡ್ಡಿಯಿಂದ ಪೋರ್ಟಿನ ಒಳಗೋಡೆಯ ಪಕ್ಕದಿಂದಲೇ ಮೆಲ್ಲಗೆ ಕೆದಕಿದರೆ ತುಂಡು ತುಂಡಾಗಿ ಬಂತು. ಮಧ್ಯದ ತೆಳು ನಾಲಿಗೆಯನ್ನು ಮುಟ್ಟಬಾರದು, ಪಿನ್‌ಗಳಿರುವುದು ಅಲ್ಲೇ. ಸೂಜಿ, ಸೇಫ್ಟಿ ಪಿನ್ ಖಂಡಿತ ಬೇಡ. ಬಾಯಿಂದ ಊದುವುದೂ ಬೇಡ, ಎಂಜಲಿನ ತೇವ ಒಳಗೆ ಹೋಗುತ್ತದೆ. ಸ್ವಚ್ಛ ಆದ ಮೇಲೆ ಪ್ಲಗ್ ಕಟ್ ಅಂತ ಕೂತಿತು, ಪರದೆ ಬಂತು. ಸಂಡೂರಿನ ಅದಿರಿನ ಧೂಳು, ರಾಯಚೂರಿನ ಜಿನ್ನಿಂಗ್ ಮಿಲ್‌ಗಳ ಹತ್ತಿಯ ನಾರು, ಬಳ್ಳಾರಿ ಜೀನ್ಸ್ ಹೊಲಿಯುವ ಕಡೆಯ ಬಟ್ಟೆಯ ಜೂಲು, ಎಲ್ಲದಕ್ಕೂ ಇದೇ ಮದ್ದು. ಬಳಸದ ಪೋರ್ಟ್‌ಗಳಿಗೆ ರಬ್ಬರ್ ಮುಚ್ಚಳ ಸಿಗುತ್ತವೆ, ಹಾಕಿಡಿ.

ಡಾಕ್ ಹೋಗಿದೆ ಅಂತ ಯಾವಾಗ ಹೇಳಬಹುದು

ಅದಕ್ಕೆ ಹೊಂದುವ ಪೋರ್ಟ್ ಇರುವ ಇನ್ನೊಂದು ಲ್ಯಾಪ್‌ಟಾಪ್, ಡಾಕ್‌ನದ್ದೇ ಕೇಬಲ್, ಚೆನ್ನಾಗಿದೆ ಅಂತ ಗೊತ್ತಿರುವ ಮಾನಿಟರ್, ಈ ಮೂರನ್ನೂ ಇಟ್ಟು ನೋಡಿದರೂ ಯಾವ ಪೋರ್ಟಿನಲ್ಲೂ ಚಿತ್ರ ಇಲ್ಲ ಅಂದರೆ ಡಾಕ್ ಹೋಗಿದೆ. ಒಂದೇ ಪೋರ್ಟ್ ಸತ್ತಿದ್ದರೆ ಉಳಿದವುಗಳಿಂದ ಕೆಲಸ ಸಾಗಿಸಬಹುದು. ಕಂಪನಿ ಕೊಟ್ಟದ್ದಾದರೆ ಅವರೇ ಬದಲಿಸಿ ಕೊಡಬೇಕು. ಸ್ವಂತದ್ದಾದರೆ ಬಿಲ್ ಹುಡುಕಿ, ವಾರಂಟಿ ತಾರೀಖು ನೋಡಿ. ಹೊಸದು ಕೊಳ್ಳುವಾಗ ನಿಮ್ಮ ಪೋರ್ಟಿನ ಗುರುತು, ಮಾನಿಟರ್‌ಗಳ ರೆಸಲ್ಯೂಶನ್ ಮತ್ತು ಹರ್ಟ್ಸ್, ಇವನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ. ‘ಎರಡು 4ಕೆ ಸಪೋರ್ಟ್’ ಅಂತ ಪೆಟ್ಟಿಗೆಯ ಮೇಲೆ ದೊಡ್ಡದಾಗಿ ಇದ್ದರೆ, 30ಕ್ಕೋ 60ಕ್ಕೋ ಅನ್ನುವುದು ಅದರ ಹಿಂಬದಿ ಸಣ್ಣ ಅಕ್ಷರದಲ್ಲಿ ಇರುತ್ತದೆ, ದುಡ್ಡು ಕೊಡುವ ಮೊದಲು ಅದನ್ನು ಓದಿ.